ಕೊಳವೆ ಬೀಗರು

ನಮ್ಮೂರಿನಲ್ಲಿ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ತಂದೆ ತಾಯಿಯ ಹೆಸರಿನ ಕೆಳಗೆ ಎದುರು ಮನೆಯವರ ಹೆಸರನ್ನೂ ಅಚ್ಚು ಹಾಕಿಸುತ್ತಿದ್ದರು. ‘ಕೊಳವೆ ಬೀಗರು’ ಎಂದು ಬರೆದು, ಅದರ ಮುಂದೆ ಹೆಸರು. ಬೇರೆ ಊರಿನ ನೆಂಟರು ಅದನ್ನು ಓದಿ, ಇದು ಯಾವ ಕಡೆಯ ಬೀಗತನ ಎಂದು ಕೇಳುತ್ತಿದ್ದರು. ನಾವು ಅವರನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ಎದುರು ಮನೆಯನ್ನೂ ನಮ್ಮ ಮಾಳಿಗೆಯ ಮೇಲಿನ ಕೊಳವೆಯನ್ನೂ ತೋರಿಸುತ್ತಿದ್ದೆವು. ಅವರಿಗೆ ಅರ್ಥವಾಗುತ್ತಿರಲಿಲ್ಲ. ಊಟಕ್ಕೆ ಕರೆದರೆ ಮರೆತುಬಿಡುತ್ತಿದ್ದರು.

ಊರು ಇದ್ದದ್ದು ಎತ್ತರದ ಬಯಲಿನಲ್ಲಿ. ಮರ ಕಡಿಮೆ, ಗಾಳಿ ಹೆಚ್ಚು. ದೀಪಾವಳಿ ಕಳೆಯಿತೆಂದರೆ ಶಿವರಾತ್ರಿಯವರೆಗೆ ಚಳಿ. ಬೆಳಗ್ಗೆ ಎದ್ದರೆ ಮಾಳಿಗೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತಿತ್ತು. ಆದರೆ ಊರಿನ ನೆಲದೊಳಗೆ ಗ್ಯಾಸ್ ಇತ್ತು. ಗ್ಯಾಸ್ ಕಚೇರಿಯವರು ಅದನ್ನು ಕಬ್ಬಿಣದ ಪೈಪಿನಲ್ಲಿ ಮನೆಮನೆಗೂ ಕೊಟ್ಟಿದ್ದರು. ಪ್ರತಿ ಮನೆಯ ನಡುಮನೆಯಲ್ಲೂ ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆಯೊಂದು ನಿಂತಿರುತ್ತಿತ್ತು. ಅದರ ಗಾಜಿನ ಕಿಂಡಿಯಲ್ಲಿ ಸಾಲಾಗಿ ನೀಲಿ ಉರಿ ಕಾಣುತ್ತಿತ್ತು. ಅಡುಗೆಯ ಒಲೆ ಬೇರೆ, ಇದು ಮನೆ ಬೆಚ್ಚಗಿಡುವ ಒಲೆ. ನಾವು ಅದನ್ನು ಬೆಚ್ಚೊಲೆ ಎನ್ನುತ್ತಿದ್ದೆವು. ಅದರ ನೆತ್ತಿಯಿಂದ ಹೊರಟ ತಗಡಿನ ಕೊಳವೆ ಮಾಳಿಗೆಯನ್ನು ತೂರಿಕೊಂಡು ಹೋಗಿ, ತುದಿಯಲ್ಲಿ ಒಂದು ಟೋಪಿ ಹಾಕಿಕೊಂಡು ನಿಲ್ಲುತ್ತಿತ್ತು. ಉರಿದು ಕೆಟ್ಟ ಗಾಳಿಯೆಲ್ಲ ಆ ದಾರಿಯಲ್ಲಿ ಆಚೆಗೆ ಹೋಗಬೇಕು.

ಆ ಕೊಳವೆಯನ್ನು ವರ್ಷಕ್ಕೊಮ್ಮೆ, ಚಳಿ ಹಿಡಿಯುವ ಮುಂಚೆ, ಎದುರು ಮನೆಯವರು ಬಂದು ಉಜ್ಜಿಕೊಡಬೇಕಿತ್ತು. ಮನೆಯವರೇ ಉಜ್ಜಿಕೊಂಡರೆ ಬೆಚ್ಚೊಲೆ ಹೊತ್ತುತ್ತಿರಲಿಲ್ಲ. ಪೆಟ್ಟಿಗೆಗಟ್ಟಲೆ ಕಡ್ಡಿ ಗೀರಿದರೂ ಅಷ್ಟೆ. ಕೂಲಿಯವರನ್ನು ಹತ್ತಿಸಿದರೂ ಹಾಗೆಯೇ. ಎದುರು ಮನೆಯವರು ಬಂದು ಕೊಳವೆಯ ಮೇಲೆ ಕೈ ಇಟ್ಟ ಮೇಲೆಯೇ ಉರಿ ಹಿಡಿಯುತ್ತಿತ್ತು. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ.

ಹಾಗಾಗಿ ಮನೆ ಕೊಳ್ಳುವವರು ಬಾವಿಯ ನೀರನ್ನು ನೋಡುವ ಮೊದಲು ಎದುರು ಮನೆಯವರನ್ನು ನೋಡುತ್ತಿದ್ದರು. ಬೀದಿಯ ಜಗಳಗಳೆಲ್ಲ ಬೇಸಿಗೆಯಲ್ಲೇ ಆಗಿ ಮುಗಿಯುತ್ತಿದ್ದವು. ಕಾರ್ತಿಕ ಬಂತೆಂದರೆ ಎಂಥವರ ದನಿಯೂ ತಗ್ಗುತ್ತಿತ್ತು. ನಮ್ಮ ಬೀದಿಯ ಕೊನೆಯ ಮನೆಗೆ ಎದುರಾಗಿ ಇದ್ದದ್ದು ಅಂಚೆ ಕಚೇರಿ. ವರ್ಗವಾಗಿ ಬಂದ ಪ್ರತಿಯೊಬ್ಬ ಪೋಸ್ಟ್‌ಮಾಸ್ಟರೂ ಮೊದಲು ಕಲಿಯುತ್ತಿದ್ದ ಕೆಲಸ ಏಣಿ ಹತ್ತುವುದು.

ನಮ್ಮ ಕೊಳವೆ ಬೀಗರು ಕೊಟ್ರಪ್ಪ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ಹುಬ್ಬಿನ ಮೇಲೆ, ಕಿವಿಯ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು ಇರುತ್ತಿತ್ತು. ಮಕ್ಕಳಿರಲಿಲ್ಲ, ಹೆಂಡತಿ ಬಸಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ನಾನೂ ಅಕ್ಕನೂ ಅವರನ್ನು ಕೊಟ್ರಮಾವ ಎನ್ನುತ್ತಿದ್ದೆವು. ನಮ್ಮ ಅಪ್ಪ ಗುರುಶಾಂತಪ್ಪನವರಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಇಬ್ಬರೂ ಒಬ್ಬರಿಗೊಬ್ಬರು ‘ಬೀಗರೇ’ ಎಂದೇ ಕರೆದುಕೊಳ್ಳುತ್ತಿದ್ದರು. ಕೊಟ್ರಮಾವನ ಕೊಳವೆ ಉಜ್ಜುವುದು ಅಪ್ಪ, ನಮ್ಮದನ್ನು ಉಜ್ಜುವುದು ಅವರು.

ಆ ದಿನ ನಮ್ಮ ಮನೆಯಲ್ಲಿ ಹಬ್ಬದ ಹಾಗಿರುತ್ತಿತ್ತು. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಕೊಟ್ರಮಾವ ಏಣಿ, ತೆಂಗಿನ ನಾರು ಸುತ್ತಿದ ಉದ್ದನೆಯ ಬಿದಿರು, ಒಂದು ಗೋಣಿಚೀಲ ಹಿಡಿದು ಬರುತ್ತಿದ್ದರು. ಮೇಲೆ ಹತ್ತಿ ಟೋಪಿ ತೆಗೆದು, ಬಿದಿರನ್ನು ಇಳಿಸಿ ಉಜ್ಜಿ, ಕೆಳಗೆ ಬಿದ್ದ ಕರಿಯನ್ನು ಚೀಲಕ್ಕೆ ತುಂಬಿ, ಕೀಲುಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಿದ್ದರು. ಗೋಡೆಯ ಬುಡದಲ್ಲಿ ಹೊರಗಿನ ಗಾಳಿ ಒಳಗೆ ಬರಲು ಬಿಟ್ಟಿದ್ದ ಗಾಳಿಗಂಡಿಗೆ ಕೈ ಹಾಕಿ ಜೇಡರ ಬಲೆ ತೆಗೆಯುತ್ತಿದ್ದರು. ಕೊನೆಗೆ ಬೆಚ್ಚೊಲೆ ಹೊತ್ತಿಸಿ, ಕೊಳವೆ ಶುರುವಾಗುವ ಕಡೆ ಊದುಬತ್ತಿ ಹಿಡಿಯುತ್ತಿದ್ದರು. ಹೊಗೆ ಸುಮ್ಮನೆ ಒಳಕ್ಕೆ ಎಳೆದುಕೊಂಡು ಹೋದರೆ ಸರಿ. ಮುಖಕ್ಕೆ ತಿರುಗಿ ಬಂದರೆ ಮತ್ತೆ ಏಣಿ ಹತ್ತಬೇಕು. ಹೊಗೆ ಒಳಗೆ ಹೋದಾಗ ಅವರು, “ಎಳೀತು,” ಎನ್ನುತ್ತಿದ್ದರು. ಅಷ್ಟಾದ ಮೇಲೆ ಅಮ್ಮ ತಟ್ಟೆ ತಂದಿಡುತ್ತಿದ್ದಳು. ಆ ಬಜ್ಜಿಯ ರುಚಿ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ.

ಅಕ್ಕ ಚಂದ್ರಕಲಾ ನನಗಿಂತ ಆರು ವರ್ಷ ದೊಡ್ಡವಳು. ಅವಳಿಗೆ ಒಂದು ಕಾಯಿಲೆ ಇತ್ತು. ನಮ್ಮ ಮನೆಯಲ್ಲಿ ಅದರ ಹೆಸರು ಹೇಳುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದರು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದೇ ಚಳಿಗಾಲದಲ್ಲಿ ಮೂರು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದಳಂತೆ. ಒಂದು ಸಲ ಕೈಕಾಲು ಸೆಟೆದುಕೊಂಡಿದ್ದವಂತೆ. ಡಾಕ್ಟರ್ ಹಾಲಯ್ಯ ನೋಡಿ, ಮೂರ್ಛೆ ರೋಗ ಎಂದು ಔಷಧಿ ಕೊಟ್ಟರು. ಆಮೇಲೆ ಅವಳು ಬೀಳಲಿಲ್ಲ. ಔಷಧಿಯಿಂದ ಹತೋಟಿಯಲ್ಲಿದೆ ಎಂದು ಎಲ್ಲರೂ ನಂಬಿದರು. ಆದರೂ ಅವಳು ಬಾವಿಯ ಹತ್ತಿರ ಒಬ್ಬಳೇ ಹೋಗುವಂತಿರಲಿಲ್ಲ. ಸೈಕಲ್ ಮುಟ್ಟುವಂತಿರಲಿಲ್ಲ. ಓರಗೆಯ ಹುಡುಗಿಯರು ಕೆರೆಯಲ್ಲಿ ಈಜು ಕಲಿಯುವಾಗ ಇವಳು ದಡದಲ್ಲಿ ಅವರ ಬಟ್ಟೆ ಕಾಯುತ್ತಿದ್ದಳು. ಹೈಸ್ಕೂಲು ಎರಡು ಮೈಲಿ ದೂರ ಎಂದು ಏಳನೇ ತರಗತಿಗೇ ಬಿಡಿಸಿದರು. ನಾನು ಅದೇ ಎರಡು ಮೈಲಿ ನಡೆದು ಹೋಗಿ ಬರುತ್ತಿದ್ದೆ. ಅವಳು ಬೆಚ್ಚೊಲೆಯ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ನಮ್ಮ ಬೀದಿಯ ಅರ್ಧ ಜನರ ಮೈಮೇಲೆ ಇದ್ದದ್ದು ಅವಳು ಹೆಣೆದ ಸ್ವೆಟರ್.

ಅವಳಿಗೆ ಇಪ್ಪತ್ತೆರಡು ತುಂಬಿದ ವರ್ಷ ಒಂದು ಸಂಬಂಧ ಬಂತು. ಕೆರೆ ಬೀದಿಯ ಉಮಾಪತಿ ಎಂಬ ಹುಡುಗ, ಗ್ಯಾಸ್ ಕಚೇರಿಯಲ್ಲಿ ಗುಮಾಸ್ತ. ಅವನು ಅಕ್ಕನನ್ನು ನೋಡಿ ಒಪ್ಪಿದ. ಅಕ್ಕನೂ ಒಪ್ಪಿದಳು. ಅವಳು ಆ ವಾರವೆಲ್ಲ ಹೆಣಿಗೆಯ ಲೆಕ್ಕ ತಪ್ಪಿ, ಬಿಚ್ಚಿ, ಮತ್ತೆ ಹಾಕುತ್ತಿದ್ದಳು. ‘ಅದರ’ ವಿಷಯ ಅಪ್ಪ ಅವರಿಗೆ ಹೇಳಲಿಲ್ಲ. ಹದಿಮೂರು ವರ್ಷದಿಂದ ಬಂದಿಲ್ಲವಲ್ಲ, ಇನ್ನೇನು ಹೇಳುವುದು ಎಂದು ಅವರ ವಾದ.

ಆದರೆ ಹೆಣ್ಣಿನ ಮನೆಯ ವಿಷಯ ತಿಳಿಯಬೇಕಾದರೆ ಗಂಡಿನ ಕಡೆಯವರು ಕೊಳವೆ ಬೀಗರನ್ನು ಕೇಳುವುದು ನಮ್ಮೂರಿನ ಪದ್ಧತಿ. ಉಮಾಪತಿಯ ತಾಯಿ ಗಿರಣಿಗೆ ಹೋಗಿ ಕೊಟ್ರಮಾವನನ್ನು ಕೇಳಿದರು. ಅವರು ಹುಡುಗಿ ಚಿನ್ನದಂಥವಳು ಎಂದರು. ಕಾಯಿಲೆ ಕಸಾಲೆ ಏನಾದರೂ ಎಂದು ಆಕೆ ಮತ್ತೆ ಕೇಳಿದಾಗ, ಚಿಕ್ಕಂದಿನಲ್ಲಿ ಮೂರು ಸಲ ಬಿದ್ದಿದ್ದಳು, ಈಗ ಏನೂ ಇಲ್ಲ ಎಂದರು. ಮಾರನೆಯ ದಿನ ಉಮಾಪತಿಯ ಮನೆಯಿಂದ ಬೇಡ ಎಂದು ಹೇಳಿಕಳಿಸಿದರು.

ಅಪ್ಪ ಅಂದು ಅಂಗಡಿಯನ್ನು ಅರ್ಧಕ್ಕೇ ಮುಚ್ಚಿ ಬಂದರು. ನೇರವಾಗಿ ಎದುರು ಮನೆಗೆ ಹೋದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ.

“ನನ್ನ ಮಗಳ ಬಾಳಿಗೆ ಕಲ್ಲು ಹಾಕಿದ್ರಲ್ಲ, ಕೊಟ್ರಪ್ಪನವರೇ.”

ಬೀಗರೇ ಎನ್ನದೆ ಹೆಸರು ಹಿಡಿದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೊಟ್ರಮಾವ, “ಕೇಳಿದ್ರು, ಸುಳ್ಳು ಹೇಳೋದು ಹೆಂಗೆ ಬೀಗರೇ? ನಾಳೆ ಅವಳಿಗೇ ಅಲ್ವಾ ಕಷ್ಟ,” ಎಂದರು.

“ಸತ್ಯಹರಿಶ್ಚಂದ್ರ ನೀವು. ಇನ್ಮೇಲೆ ನಮ್ಮ ಮಾಳಿಗೆ ಹತ್ತಬೇಡಿ.”

“ಚಳಿ ಬರ್ತಾ ಇದೆ.”

“ಬರ್ಲಿ.”

ಅದಾಗಿ ಎಂಟು ದಿನಕ್ಕೆ, ಕೊಳವೆ ಉಜ್ಜುವ ಸಮಯ ಬಂದಾಗ, ಅಪ್ಪ ತಮ್ಮ ಬಿದಿರು ತೆಗೆದುಕೊಂಡು ಎದುರು ಮನೆಯ ಮಾಳಿಗೆ ಹತ್ತಿದರು. ಯಾವತ್ತಿನ ಹಾಗೆ ಟೋಪಿ ತೆಗೆದು, ಉಜ್ಜಿ, ಕರಿ ತುಂಬಿ, ಒಂದು ಮಾತೂ ಆಡದೆ ಇಳಿದು ಬಂದರು. ಅಮ್ಮ, “ಹಂಗಾದ್ರೆ ಅವರನ್ನೂ ಕರೀರಿ,” ಎಂದಳು. “ನನ್ನ ಕೆಲಸ ನಾನು ಬಿಡೋನಲ್ಲ. ಅವರ ಕೈ ನನಗೆ ಬೇಡ,” ಎಂದರು ಅಪ್ಪ. ನಮ್ಮ ಕೊಳವೆಯನ್ನು ಬೇರೆ ಯಾರೂ ಮುಟ್ಟಿರಲಿಲ್ಲವಾದ್ದರಿಂದ ಹೋದ ವರ್ಷದ ಕೈಯ ಬಲದ ಮೇಲೆ ಬೆಚ್ಚೊಲೆ ಹೊತ್ತಿಕೊಂಡಿತು. ಅಪ್ಪನಿಗೆ ಅದೇ ಸಾಕಾಯಿತು.

ಆ ವರ್ಷ ಗಾಳಿ ವಿಪರೀತ. ಗಾಳಿಗಂಡಿಯಿಂದ ಚಳಿ ಬರುತ್ತದೆ ಎಂದು ಅಪ್ಪ ಅದಕ್ಕೆ ಹಳೆಯ ಪಂಚೆ ತುರುಕಿದರು. ಕಿಟಕಿಯ ಸಂದುಗಳಿಗೆ ಕಾಗದ ಅಂಟಿಸಿದರು. ಮನೆ ಬೆಚ್ಚಗಾಯಿತು. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಹನಿಹನಿಯಾಗಿ ಇಳಿಯತೊಡಗಿತು. ಸ್ವಲ್ಪ ದಿನಕ್ಕೆ ನನಗೆ ಬೆಳಗ್ಗೆ ಏಳುವಾಗಲೇ ತಲೆನೋವು ಶುರುವಾಯಿತು. ಸ್ಕೂಲಿನ ಗೇಟು ಮುಟ್ಟುವ ಹೊತ್ತಿಗೆ ಅದು ಹೋಗಿರುತ್ತಿತ್ತು. ಸಾಯಂಕಾಲ ಮನೆಯಲ್ಲಿ ಪುಸ್ತಕ ತೆರೆದರೆ ಮತ್ತೆ ಬರುತ್ತಿತ್ತು. ಓದಿನ ಸೋಮಾರಿತನ ಎಂದು ನಾನೇ ಅಂದುಕೊಂಡೆ. ಅಪ್ಪನಿಗೂ ಅಂಗಡಿಗೆ ಹೋದ ಮೇಲೆ ಸರಿಹೋಗುತ್ತಿತ್ತು. ಅಮ್ಮ ದಿನದ ಅರ್ಧ ಹಿತ್ತಲಲ್ಲಿ ಇರುತ್ತಿದ್ದಳು. ಮನೆ ಬಿಟ್ಟು ಹೊರಗೆ ಹೋಗದವಳು ಅಕ್ಕ ಒಬ್ಬಳೇ.

ಅವಳು ಮಂಕಾದಳು. ಊಟ ಸೇರದೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಸಂಬಂಧ ಮುರಿದದ್ದರ ಕೊರಗು ಎಂದು ಎಲ್ಲರೂ ತಿಳಿದೆವು. ಒಂದು ದಿನ ಹೆಣೆಯುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಅಮ್ಮ ಓಡಿ ಬಂದು ಅವಳ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ತುರುಕಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ನಮ್ಮ ಮುಖಗಳನ್ನೂ ಕೈಯಲ್ಲಿದ್ದ ಬೀಗದ ಕೈಯನ್ನೂ ನೋಡಿ, ಅಕ್ಕ ಅತ್ತಳು. “ಅದು ಮತ್ತೆ ಬಂತು,” ಎಂದಳು.

ಬೆಚ್ಚೊಲೆಯ ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದ್ದನ್ನು ನಾನು ನೋಡಿದ್ದೆ. ಕಿಂಡಿಯ ಮೇಲ್ಗಡೆ ಕಪ್ಪು ಕಟ್ಟಿತ್ತು. ಒಂದು ಸಂಜೆ ಅಪ್ಪನಿಗೆ ಹೇಳಿದೆ. “ಎಲ್ಲಾದಕ್ಕೂ ಕೊಳವೆ ಕೊಳವೆ ಅನ್ಬೇಡ. ನಿನ್ನ ಅಕ್ಕನಿಗೆ ಇರೋದು ಏನು ಅಂತ ನಿನಗೆ ಗೊತ್ತಿಲ್ವಾ?” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ನಾನು ಸುಮ್ಮನಾದೆ. ಹದಿನಾರು ವರ್ಷದವಳು ನಾನು. ಆ ದಿನ ಸುಮ್ಮನಾದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದು ಪೇಟೆಗೆ ರಜೆಯಿದ್ದ ಒಂದು ಗುರುವಾರ. ಬೆಳಗ್ಗೆ ಒಂಬತ್ತರ ಹೊತ್ತು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೊಟ್ರಮಾವ, ಹೆಗಲ ಮೇಲೆ ಏಣಿ. ಅಪ್ಪ ಎದ್ದು ಬಂದರು.

“ಬೀಗರೇ, ನಿಮ್ಮ ಕೊಳವೆ ಟೋಪಿ ಮೇಲೆ ಇಬ್ಬನಿ ಹಂಗೇ ಕೂತಿದೆ. ಬಿಸಿ ಗಾಳಿ ಆಚೆ ಬರ್ತಿಲ್ಲ. ನಾಲ್ಕು ದಿನದಿಂದ ನೋಡ್ತಿದೀನಿ.”

“ನಮ್ಮ ಮಾಳಿಗೆ ನೋಡೋದು ಬಿಟ್ಟು ನಿಮಗೆ ಬೇರೆ ಕೆಲಸ ಇಲ್ವಾ?”

“ಬೈರಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಈಗ ದಾರಿ ಬಿಡಿ.”

ಅಪ್ಪ ಏಣಿಯ ಒಂದು ಕಾಲನ್ನು ಹಿಡಿದುಕೊಂಡರು. ಇಬ್ಬರೂ ಹೊಸ್ತಿಲ ಮೇಲೆ ಹಾಗೇ ನಿಂತರು. ಒಳಗಿನಿಂದ ಏನೋ ಧೊಪ್ಪನೆ ಬಿದ್ದ ಸದ್ದು. ನಾನು ತಿರುಗಿದೆ. ಅಕ್ಕ ಬೆಚ್ಚೊಲೆಯ ಮುಂದೆ ನೆಲದ ಮೇಲೆ ಬಿದ್ದಿದ್ದಳು. ಕೆನ್ನೆ ಕೆಂಪಗಿತ್ತು, ಕೈಕಾಲು ಸಡಿಲ ಬಿದ್ದಿದ್ದವು. ಅಮ್ಮ ಬೀಗದ ಕೈ ಹುಡುಕುತ್ತ ಓಡಿದಳು.

ಕೊಟ್ರಮಾವ ಏಣಿಯನ್ನು ಅಪ್ಪನ ಕೈಗೇ ಬಿಟ್ಟು, ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದರು. ಮೊದಲು ಗ್ಯಾಸಿನ ತಿರುಪು ಬಂದ್ ಮಾಡಿದರು. “ಪ್ರಭಾ, ಕಿಟಕಿ ತೆಗಿ, ಹಿತ್ತಲ ಬಾಗಿಲು ತೆಗಿ,” ಎಂದರು. ಅಕ್ಕನನ್ನು ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಹೋಗಿ ಜಗಲಿಯ ಮೇಲೆ ಮಲಗಿಸಿದರು. ಅಂಟಿಸಿದ ಕಾಗದ ಹರಿದು ನಾನು ಕಿಟಕಿ ತೆಗೆದಾಗ ಚಳಿಗಾಳಿ ಮುಖಕ್ಕೆ ಬಡಿಯಿತು. ಎಷ್ಟೋ ದಿನದ ಮೇಲೆ ಉಸಿರು ಆಡಿದ ಹಾಗಾಯಿತು.

ನಾನು ಓಡಿ ಹೋಗಿ ಹಾಲಯ್ಯ ಡಾಕ್ಟರನ್ನು ಕರೆತಂದೆ. ಅಷ್ಟರಲ್ಲಿ ಅಕ್ಕ ಕಣ್ಣು ಬಿಟ್ಟಿದ್ದಳು. ಕೊಟ್ರಮಾವ ಮಾಳಿಗೆಯ ಮೇಲಿದ್ದರು. ಏಣಿಯನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಡಾಕ್ಟರು ಈಗ ಬಹಳ ಮುದುಕರಾಗಿದ್ದರು. ಅಕ್ಕನ ಕಣ್ಣು, ನಾಡಿ ನೋಡಿದರು. ನಮ್ಮೆಲ್ಲರ ತಲೆನೋವಿನ ವಿಷಯ ಕೇಳಿದರು. ಆಮೇಲೆ ಅಪ್ಪನನ್ನು, “ಕೊಳವೆ ಉಜ್ಜಿದಾರಾ?” ಎಂದರು.

ಅಮ್ಮ, “ಈ ವರ್ಷ ಇಲ್ಲ,” ಎಂದಳು.

“ಹಂಗಾದ್ರೆ ಇದು ಮೂರ್ಛೆ ಅಲ್ಲಮ್ಮ. ಕೆಟ್ಟ ಗಾಳಿ ತಿರುಗಿ ಮನೆಯೊಳಗೇ ತುಂಬ್ಕೊಂಡಿದೆ. ಅದಕ್ಕೆ ವಾಸನೆ ಇರಲ್ಲ, ಬಣ್ಣ ಇರಲ್ಲ. ಇನ್ನೊಂದು ರಾತ್ರಿ ಆಗಿದ್ರೆ ನಾಲ್ಕು ಜನಾನೂ ಏಳ್ತಿರಲಿಲ್ಲ. ಇವಳು ಚಿಕ್ಕಂದಿನಲ್ಲಿ ಬಿದ್ದಾಗಲೂ ನಾನು ಮೊದಲು ಇದನ್ನೇ ಕೇಳಿದ್ದೆ. ಆವತ್ತು ಉಜ್ಜಿದಾರೆ ಅಂದ್ರಿ, ಅದಕ್ಕೇ ಮೂರ್ಛೆ ಅಂದೆ.”

ಮೇಲೆ ಬಿದಿರಿನ ಸದ್ದು ನಿಂತಿತು. ಬಹಳ ಹೊತ್ತು ಕೊಟ್ರಮಾವ ಇಳಿಯಲಿಲ್ಲ. ನಾನು ಬೀದಿಗೆ ಇಳಿದು ತಲೆ ಎತ್ತಿ ನೋಡಿದೆ. ಅವರು ಕೊಳವೆಗೆ ಒರಗಿ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಕೊನೆಗೆ ಇಳಿದು ಬಂದಾಗ ಗೋಣಿಚೀಲದಲ್ಲಿ ಗೊರವಂಕದ ಗೂಡು, ಹುಲ್ಲು, ದಾರದ ತುಂಡು, ಕರಿ ಎಲ್ಲ ಸೇರಿ ಒಂದು ಮಂಕರಿಯಷ್ಟಿತ್ತು. ಬೇಸಿಗೆಯಲ್ಲೇ ಟೋಪಿ ಗಾಳಿಗೆ ಕಳಚಿ ವಾಲಿದ್ದರಿಂದ ಹಕ್ಕಿ ಒಳಗೆ ಹೊಕ್ಕಿತ್ತಂತೆ. ಅದನ್ನು ಹೊಸ ತಂತಿಯಿಂದ ಬಿಗಿದಿದ್ದರು. ಗಾಳಿಗಂಡಿಯಿಂದ ಪಂಚೆ ಎಳೆದು ಬಿಸಾಡಿದರು. ಬೆಚ್ಚೊಲೆ ಹೊತ್ತಿಸಿ ಊದುಬತ್ತಿ ಹಿಡಿದರು. ಹೊಗೆ ಒಳಕ್ಕೆ ಎಳೆದುಕೊಂಡಿತು. ಆದರೆ ಅವರು “ಎಳೀತು” ಎನ್ನಲಿಲ್ಲ. ಏಣಿ ಎತ್ತಿಕೊಂಡು ಹೊರಟುಹೋದರು. ಆ ದಿನ ಗಿರಣಿಯ ಸದ್ದು ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಅವರು ಮತ್ತೆ ಬಂದರು. ಮುಖದ ಮೇಲೆ ಹಿಟ್ಟು ಇರಲಿಲ್ಲ. ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ಅಕ್ಕ ಜಗಲಿಯ ಮೇಲೆ ಕಂಬಳಿ ಹೊದ್ದು ಬಿಸಿಲು ಕಾಯಿಸುತ್ತಿದ್ದಳು. ಅವರು ಜಗಲಿ ಹತ್ತದೆ ಕೆಳಗೇ ನಿಂತರು. ಅಪ್ಪ, “ಕೂತ್ಕೊಳ್ಳಿ ಬೀಗರೇ,” ಎಂದರು. ಅವರು ಕೂರಲಿಲ್ಲ.

“ಬಸಮ್ಮ ತೀರಿಕೊಂಡ ವರ್ಷದ ಮಾತು,” ಎಂದರು. “ಅವಳ ಕಾರ್ಯ ಮುಗಿಸಿ ಏಣಿ ತಗೊಂಡು ಇಲ್ಲಿಗೆ ಬಂದೆ. ಮೇಲೆ ಹತ್ತಿದೆ. ಬಿದಿರು ಎತ್ತೋಕೆ ಮನಸ್ಸು ಬರಲಿಲ್ಲ. ಕೊಳವೆ ಮೇಲೆ ಕೈ ಇಟ್ಟೆ, ಇಳಿದುಬಂದೆ. ಒಲೆ ಹೊತ್ಕೊಳ್ತು. ನೀವು ಉಜ್ಜಿದೀನಿ ಅಂದ್ಕೊಂಡ್ರಿ. ಆ ಚಳೀಲೇ ಚಂದ್ರಿ ಬಿದ್ದದ್ದು. ಹಾಲಯ್ಯನೋರು ಉಜ್ಜಿದಾರಾ ಅಂತ ಕೇಳಿದಾಗ ನಾನೂ ಇಲ್ಲೇ ನಿಂತಿದ್ದೆ. ಹೌದು ಅಂತ ತಲೆ ಆಡಿಸಿದೆ.”

ಅವರು ಒಮ್ಮೆ ತಲೆ ಎತ್ತಿ ಕೊಳವೆಯ ಕಡೆ ನೋಡಿದರು.

“ಮುಂದಿನ ವರ್ಷ ಉಜ್ಜುವಾಗ ಇಷ್ಟೇ ದೊಡ್ಡ ಗೂಡು ಸಿಕ್ತು. ಹಿತ್ತಲಿಗೆ ಎಸೆದುಬಿಟ್ಟೆ. ಆವತ್ತು ಹೊಳೀಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಹೊಳೀತು. ಹೊಳೆದದ್ದನ್ನ ಒಳಗೆ ಬಿಟ್ಕೊಳ್ಳಲಿಲ್ಲ. ಹುಡುಗಿ ಈಗ ಚೆನ್ನಾಗಿದಾಳಲ್ಲ ಅಂತ ಸುಮ್ಮನಾದೆ. ಆಮೇಲೆ ನನಗೂ ಮರೆತೇ ಹೋಯ್ತು. ಅವಳಿಗೆ ಕಾಯಿಲೆ ಇದೆ ಅಂತ ನಾನೂ ನಂಬಿಬಿಟ್ಟೆ. ನಂಬಿ, ಆ ಹುಡುಗನ ತಾಯಿಗೆ ಸತ್ಯ ಹೇಳ್ತಿದೀನಿ ಅಂತ ಹೇಳಿದೆ.”

ಅಪ್ಪ ಜಗಲಿಯ ಕಂಬ ಹಿಡಿದುಕೊಂಡು ಕುಸಿದು ಕೂತರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕ ಮಾತ್ರ ಕೊಟ್ರಮಾವನನ್ನೇ ನೋಡುತ್ತಿದ್ದಳು.

“ಅಂದ್ರೆ ನನಗೆ ಏನೂ ಇರಲಿಲ್ವಾ, ಮಾವ?”

“ಏನೂ ಇರಲಿಲ್ಲ ತಾಯಿ.”

“ಯಾವತ್ತೂ?”

“ಯಾವತ್ತೂ ಇರಲಿಲ್ಲ.”

ಅಕ್ಕ ಕಂಬಳಿ ತೆಗೆದು ಮಡಿಸಿ ಅಮ್ಮನ ಕೈಗೆ ಕೊಟ್ಟಳು. ಅವಳಿಗೆ ಹೊರಗೆ ಹಾಕಿಕೊಳ್ಳುವ ಚಪ್ಪಲಿಯೇ ಇರಲಿಲ್ಲ. ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು. ಕೊಟ್ರಮಾವನ ಪಕ್ಕದಲ್ಲೇ ಹಾದು ಹೋದಳು. ಬೈಯಲಿಲ್ಲ, ಅಳಲಿಲ್ಲ, ತಿರುಗಿಯೂ ನೋಡಲಿಲ್ಲ. ಅಮ್ಮ, “ಒಬ್ಬಳೇ ಹೋಗ್ತಿದಾಳೆ, ಪ್ರಭಾ, ಹಿಂದೆ ಹೋಗೇ,” ಎಂದಳು. ಅಪ್ಪ, “ಬೇಡ, ಹೋಗ್ಲಿ ಬಿಡು,” ಎಂದರು.

ಅವಳು ಹೋದ ಮೇಲೆ ಗಂಡಸರಿಬ್ಬರೂ ಉಳಿದರು. “ನನಗೆ ಏನ್ ಶಿಕ್ಷೆ ಕೊಡ್ತೀರೋ ಕೊಡಿ,” ಎಂದರು ಕೊಟ್ರಮಾವ. ಅಪ್ಪ, “ಆವತ್ತು ನೀವು ಬಾಯಿ ಮುಚ್ಕೊಂಡ್ರಿ. ಈ ವರ್ಷ ನಾನು ಬಾಗಿಲು ಮುಚ್ಕೊಂಡೆ. ನನಗೆ ಯಾರು ಶಿಕ್ಷೆ ಕೊಡ್ತಾರೆ?” ಎಂದರು.

ಅಕ್ಕ ಬಂದಾಗ ಸೂರ್ಯ ಮುಳುಗುವುದರಲ್ಲಿದ್ದ. ಊರಾಚೆಯ ದಿನ್ನೆಯವರೆಗೆ ಹೋಗಿದ್ದಳಂತೆ. ಅಲ್ಲಿಂದ ನಮ್ಮೂರು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂದಳು. ಮೂಗು, ಕೆನ್ನೆ ಬಿಸಿಲಿಗೆ ಕಂದಿದ್ದವು. ಸೀರೆಯ ಅಂಚಿನ ತುಂಬ ಮುಳ್ಳುಕಡ್ಡಿ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. “ಹಸಿವು,” ಎಂದಳು. ಅಮ್ಮ ಬಡಿಸಿದಷ್ಟೂ ತಿಂದಳು. ಅಷ್ಟು ರೊಟ್ಟಿ ಅವಳು ತಿಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಕೊಟ್ರಮಾವ ಅದೇ ವಾರ ಉಮಾಪತಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಅಷ್ಟರಲ್ಲಿ ಅವರು ಬೇರೆ ಕಡೆ ವೀಳ್ಯ ಬದಲಿಸಿಕೊಂಡಿದ್ದರು. ಆ ಹುಡುಗನ ತಾಯಿ ಬಂದು ಅಮ್ಮನ ಕೈ ಹಿಡಿದು ಅತ್ತು ಹೋದರು. ಅಲ್ಲಿಗೆ ಅದು ಮುಗಿಯಿತು. ಆದರೆ ಕೊಟ್ರಮಾವ ಅಷ್ಟಕ್ಕೆ ಬಿಡಲಿಲ್ಲ. ಗ್ಯಾಸ್ ಕಚೇರಿಯ ಅಂಗಳದಲ್ಲಿ ತಿಂಗಳಿಗೊಮ್ಮೆ ಊರಿನವರು ಸೇರುತ್ತಿದ್ದರು. ಅಲ್ಲಿ ಎದ್ದು ನಿಂತು, ಎಲ್ಲರ ಎದುರು, ಕೈ ಇಟ್ಟು ಇಳಿದುಬಂದದ್ದನ್ನು ಹೇಳಿಕೊಂಡರು. ಕೆಲವರು ಉಗಿದರು. ಕೆಲವರು ಅವರ ಗಿರಣಿಗೆ ಹೋಗುವುದನ್ನು ಬಿಟ್ಟರು. ಆದರೆ ಸಭೆ ಮುಗಿದ ಮೇಲೆ ಮೂರು ಜನ ತಮ್ಮ ತಮ್ಮ ಎದುರು ಮನೆಗೆ ಸದ್ದಿಲ್ಲದೆ ಏಣಿ ತೆಗೆದುಕೊಂಡು ಹೋದದ್ದನ್ನು ನಾವೆಲ್ಲ ನೋಡಿದೆವು. ಮುಂದಿನ ವರ್ಷದಿಂದ, ಉಜ್ಜಿದವರು ಕೊಳವೆಯಿಂದ ತೆಗೆದದ್ದನ್ನು ಬುಟ್ಟಿಯಲ್ಲಿ ತಂದು ಮನೆಯವರಿಗೆ ತೋರಿಸಿಯೇ ಹೋಗಬೇಕು ಎಂದಾಯಿತು. ಹಾಗೆ ಮಾಡಿ ಎಂದು ಸಭೆಯಲ್ಲಿ ಹೇಳಿದವಳು ಅಕ್ಕ. ಅಷ್ಟು ಜನರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು.

ಅಪ್ಪ ಮತ್ತೆರಡು ಚಳಿಗಾಲ ಕೊಟ್ರಮಾವನ ಜೊತೆ ಹೆಚ್ಚು ಮಾತಾಡಲಿಲ್ಲ. ಅವರು ಬರುತ್ತಿದ್ದರು, ಉಜ್ಜುತ್ತಿದ್ದರು, ಬುಟ್ಟಿ ತಂದು ಅಪ್ಪನ ಮುಂದೆ ಇಡುತ್ತಿದ್ದರು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬುಟ್ಟಿಯೊಳಗೆ ನೋಡಿ ತಲೆ ಆಡಿಸುತ್ತಿದ್ದರು. ಮೂರನೆಯ ವರ್ಷ ಅಮ್ಮ ಬಜ್ಜಿ ಕರಿದಳು. ಯಾರೂ ಕರೆಯದೆಯೇ ಇಬ್ಬರೂ ತಟ್ಟೆಯ ಮುಂದೆ ಕೂತರು.

ಅಕ್ಕ ನಿಜ ಗೊತ್ತಾದ ಮೊದಲ ಬೇಸಿಗೆಯಲ್ಲೇ ಸೈಕಲ್ ಕಲಿತಳು. ಮಂಡಿ ಒಡೆದುಕೊಂಡು, ಬೀದಿಯ ಮಕ್ಕಳ ಮುಂದೆ ನಗೆಪಾಟಲಾಗಿ ಕಲಿತಳು. ಮನೆಯಲ್ಲೇ ಓದಿ ಹೈಸ್ಕೂಲು ಪರೀಕ್ಷೆ ಕಟ್ಟಿ ಎರಡನೇ ಸಲಕ್ಕೆ ಪಾಸಾದಳು. ಗ್ಯಾಸ್ ಕಚೇರಿಯವರು ಮನೆಮನೆಗೆ ಹೋಗಿ ಗಾಳಿಗಂಡಿ ತೆರೆದಿದೆಯೇ, ಉರಿ ನೀಲಿಯಾಗಿದೆಯೇ ನೋಡಿ ಬರುವ ಕೆಲಸಕ್ಕೆ ಜನ ಬೇಕು ಎಂದಾಗ ಇವಳು ಅರ್ಜಿ ಹಾಕಿದಳು. ಹತ್ತು ವರ್ಷ ಆ ಕೆಲಸ ಮಾಡಿದಳು. ಚಳಿಗೆ ಗಂಡಿ ಮುಚ್ಚಿದ ಮನೆಗಳಲ್ಲಿ ಅವಳನ್ನು ಕಂಡರೆ ಹೆದರುತ್ತಿದ್ದರು. ತುರುಕಿದ ಬಟ್ಟೆಯನ್ನು ಅವಳೇ ಎಳೆದು, ಒಗೆದು ಒಣಗಿಸಿ ಎಂದು ಅವರ ಕೈಗೇ ಕೊಟ್ಟು ಬರುತ್ತಿದ್ದಳು. ಆ ಕೆಲಸದಲ್ಲಿದ್ದಾಗಲೇ, ಮೂವತ್ತನೇ ವಯಸ್ಸಿಗೆ, ಕೆಳಗಿನ ಊರಿನ ಒಬ್ಬ ಬಸ್ ಕಂಡಕ್ಟರನ್ನು ಮದುವೆಯಾದಳು. ಆಮಂತ್ರಣ ಪತ್ರಿಕೆಯಲ್ಲಿ ಕೊಟ್ರಪ್ಪನವರ ಹೆಸರು ಹಾಕಬೇಕೋ ಬೇಡವೋ ಎಂದು ಅಪ್ಪ ಕೇಳಿದರು. “ಹಾಕಿ,” ಎಂದಳು.

ಈಗ ಅಪ್ಪ, ಅಮ್ಮ, ಕೊಟ್ರಮಾವ ಯಾರೂ ಇಲ್ಲ. ನೆಲದೊಳಗಿನ ಗ್ಯಾಸ್ ವರ್ಷವರ್ಷಕ್ಕೆ ಕಡಿಮೆಯಾಗಿ ಒಂದು ದಿನ ನಿಂತುಹೋಯಿತು. ಮನೆಗಳಿಗೆ ಕರೆಂಟಿನ ಹೀಟರ್ ಬಂದವು. ಮಾಳಿಗೆಯ ಮೇಲಿನ ಕೊಳವೆಗಳನ್ನು ಬಿಚ್ಚಿ ಹಳೆಯ ತಗಡಿನ ಲಾರಿಗೆ ಹಾಕಿದರು. ಈಚೆಗೆ ನಾನು ಊರಿಗೆ ಹೋಗಿದ್ದಾಗ ನಮ್ಮ ಬೀದಿಯ ಹೊಸಬರೊಬ್ಬರನ್ನು ಎದುರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಹೆಸರು ಗೊತ್ತಿಲ್ಲ ಎಂದರು. ಸುಳ್ಳೂ ಸಿಟ್ಟೂ ನಮ್ಮ ಬೀದಿಯಲ್ಲಿ ಇದ್ದವು. ಆದರೂ ಯಾರ ಮಾಳಿಗೆಯ ಮೇಲೆ ಇಬ್ಬನಿ ಕರಗಿಲ್ಲ ಎಂದು ನೋಡುವ ಒಬ್ಬರು ಇದ್ದೇ ಇರುತ್ತಿದ್ದರು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಅವಳಿಗೆ ಈಗ ಅರವತ್ತೆಂಟು. ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದ ಮಾತನ್ನು ಆ ದಿನ ಕೇಳಿದೆ.

“ಅಕ್ಕ, ಕೊಟ್ರಮಾವನನ್ನ ನೀನು ಕ್ಷಮಿಸಿದ್ಯಾ?”

ಅವಳು ಒಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮಾರನೆಯ ದಿನ ಹೆಂಗಸರ ಗುಂಪಿನ ಜೊತೆ ಸಮುದ್ರ ನೋಡಲು ಹೊರಟಿದ್ದಳು. ಕೈ ನಿಲ್ಲಿಸಿ ಯೋಚನೆ ಮಾಡಿದಳು. ಸುಮ್ಮನೆ ಹೇಳಬಾರದು ಎಂಬಂತೆ ನಿಜವಾಗಿ ಯೋಚನೆ ಮಾಡಿದಳು.

“ಗೊತ್ತಿಲ್ಲ ಕಣೇ ಪ್ರಭಾ,” ಎಂದಳು. “ಕೂತು ನೋಡೋಕೆ ಪುರುಸೊತ್ತೇ ಸಿಗಲಿಲ್ಲ. ಹದಿಮೂರು ವರ್ಷದ್ದು ಬಾಕಿ ಇತ್ತಲ್ಲ, ಮಾಡೋದು ತುಂಬ ಇತ್ತು.”

ಆಮೇಲೆ ಚೀಲದ ಜಿಪ್ ಎಳೆದು, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಫೋನ್ ಎತ್ತಿಕೊಂಡಳು.